ಅಸರ್ ಪಟ್ಟಿಯಲ್ಲಿ ಸರ್ಕಾರಿ ಶಾಲೆ

ಅಸರ್ ವರದಿ ಹೊರಬಿದ್ದಾಗಲೆಲ್ಲ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಒಂದೇ ತಲೆಬರಹ: ಮೂರನೇ ತರಗತಿಯವರಿಗೆ ಎರಡನೇ ತರಗತಿ ಪಾಠ ಓದಲು ಬರುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು, ಸರ್ಕಾರಿ ಶಾಲೆಗಿಂತ ಖಾಸಗಿ ಶಾಲೆಯೇ ವಾಸಿ ಎಂದು. ಮೊದಲ ಮಾತಿಗೆ ವರದಿಯಲ್ಲಿ ಗಟ್ಟಿ ಆಧಾರವಿದೆ. ಎರಡನೆಯದಕ್ಕೆ ಇರುವ ಆಧಾರ ತೀರಾ ತೆಳು.

ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ಈ ಗ್ರಾಮೀಣ ಸಮೀಕ್ಷೆಯ ದೊಡ್ಡ ಗುಣ ಅದರ ಸರಳತೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಮಕ್ಕಳನ್ನು ಪರೀಕ್ಷಿಸುವುದು ಶಾಲೆಯಲ್ಲಲ್ಲ, ಮನೆಯಲ್ಲಿ; ಶಾಲೆ ಬಿಟ್ಟ ಮಗುವೂ ಲೆಕ್ಕಕ್ಕೆ ಸಿಗುತ್ತದೆ. ಸ್ವಯಂಸೇವಕರು ಮಗುವಿನ ಪಕ್ಕ ಕೂತು ಒಂದನೇ ತರಗತಿ ಮಟ್ಟದ ಕೆಲವು ಸಾಲು ತೋರಿಸುತ್ತಾರೆ. ತಡವರಿಸದೆ ಓದಿದರೆ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಎಡವಿದರೆ ಬಿಡಿ ಪದಗಳು. ಐದರಲ್ಲಿ ನಾಲ್ಕನ್ನು ಸರಿಯಾಗಿ ಓದಬೇಕು. ಅದೂ ಆಗದಿದ್ದರೆ ಅಕ್ಷರ. ಲೆಕ್ಕದಲ್ಲೂ ಹಾಗೆಯೇ, ಅಂಕಿ ಗುರುತಿಸುವುದರಿಂದ ಹಿಡಿದು ದಶಕ ಸಹಿತ ಕಳೆಯುವ ಲೆಕ್ಕ, ಭಾಗಾಕಾರದವರೆಗೆ. ಪಕ್ಕದಲ್ಲಿ ನಿಂತು ನೋಡುವ ತಾಯಿಗೆ ಓದು ಬಾರದಿದ್ದರೂ ಮಗು ಎಲ್ಲಿ ನಿಂತಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಂಕಪಟ್ಟಿ ಇಷ್ಟು ನೇರವಾಗಿ ಎಂದೂ ಮಾತಾಡಿಲ್ಲ.

ತೊಡಕು ಶುರುವಾಗುವುದು ಸರ್ಕಾರಿ, ಖಾಸಗಿ ಎಂದು ಎರಡು ಕಾಲಂಗಳನ್ನು ಪಕ್ಕಪಕ್ಕ ಇಟ್ಟಾಗ. 2022ರಲ್ಲಿ ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿ ಪಾಠ ಓದಬಲ್ಲ ಮೂರನೇ ತರಗತಿಯವರು ಸರ್ಕಾರಿ ಶಾಲೆಗಳಲ್ಲಿ ಶೇ 16.3, ಖಾಸಗಿ ಶಾಲೆಗಳಲ್ಲಿ ಶೇ 33.1. ಹತ್ತಿರ ಹತ್ತಿರ ಇಮ್ಮಡಿ! ಆದರೆ ಎರಡೂ ಕಡೆ ಕೂತಿರುವವರು ಒಂದೇ ಬಗೆಯ ಮಕ್ಕಳೇ?

ವಿಜಯಪುರ, ಕಲಬುರಗಿ ಕಡೆಯ ತಾಂಡಾಗಳನ್ನೇ ನೋಡಬಹುದು. ಮಗು ಮನೆಯಲ್ಲಿ ಆಡುವುದು ಲಂಬಾಣಿ. ಕನ್ನಡ ಮಾತು ಕಲಿಯುವುದೂ ಶಾಲೆಯಲ್ಲೇ, ಕನ್ನಡ ಓದಲು ಕಲಿಯುವುದೂ ಅಲ್ಲೇ, ಎರಡೂ ಒಟ್ಟೊಟ್ಟಿಗೆ. ದೀಪಾವಳಿ ಆಸುಪಾಸಿಗೆ ಅಪ್ಪ ಅಮ್ಮ ಕಬ್ಬು ಕಡಿಯಲು ಗುಳೆ ಹೊರಟರೆ, ಊರಲ್ಲಿ ನೋಡಿಕೊಳ್ಳುವವರಿಲ್ಲದ ಮಗುವೂ ಟ್ರ್ಯಾಕ್ಟರ್ ಏರುತ್ತದೆ. ಕಾರ್ಖಾನೆಯ ಹಂಗಾಮು ಮುಗಿಸಿ ಬರುವಷ್ಟರಲ್ಲಿ ಅರ್ಧ ವರ್ಷದ ಪಾಠ ಕಳೆದಿರುತ್ತದೆ. ಅದೇ ಹೋಬಳಿಯ ಕಾನ್ವೆಂಟಿನ ವ್ಯಾನು ಹತ್ತುವ ಮಗುವಿಗೆ ಓದಿದ ಅಮ್ಮ, ಸಂಜೆಯ ಟ್ಯೂಷನ್, ಫೀಸು ಕಟ್ಟುವ ಅಪ್ಪ ಇರುವ ಸಾಧ್ಯತೆ ಹೆಚ್ಚು. ಎಷ್ಟೋ ಮನೆಗಳ ಒಳಗೂ ಇದೇ ಜರಡಿ: ಮಗ ಕಾನ್ವೆಂಟಿಗೆ, ಮಗಳು ಊರ ಸರ್ಕಾರಿ ಶಾಲೆಗೆ.

ಇದು ಅಸರ್‌ಗೆ ತಿಳಿಯದ ಸಂಗತಿಯಲ್ಲ. ತಂದೆ ತಾಯಿಯ ಓದು, ಟ್ಯೂಷನ್ ಮುಂತಾದ ವಿವರಗಳನ್ನು ಅದೇ ಸಂಗ್ರಹಿಸಿದೆ. ಅವನ್ನು ಗಣನೆಗೆ ತೆಗೆದುಕೊಂಡರೆ ಸರ್ಕಾರಿ–ಖಾಸಗಿ ಅಂತರ ಬಹಳಷ್ಟು ಕುಗ್ಗುತ್ತದೆ ಎಂದು ಅಸರ್ ತಂಡದವರೇ ಆದ ವಿಲಿಮಾ ವಾಧ್ವಾ ಹಿಂದಿನ ಅಸರ್ ವರದಿಗಳಲ್ಲೇ ವಿಶ್ಲೇಷಿಸಿ ಬರೆದಿದ್ದಾರೆ. ಆದರೆ ಅಂಥ ಲೇಖನ ಓದುವವರು ವಿರಳ. ಸುದ್ದಿಯಾಗುವುದು ಕೋಷ್ಟಕ. ಕುಟುಂಬದ ಹಿನ್ನೆಲೆಯನ್ನು ಆ ಕೋಷ್ಟಕದೊಳಗೇ ತರದೆ ಇರುವುದು ವರದಿಯ ದೊಡ್ಡ ಕೊರತೆ.

ಖಾಸಗಿ ಶಾಲೆಯೇ ವಾಸಿ ಎಂಬ ಮಾತಿಗೆ ನೆರೆಯ ಆಂಧ್ರಪ್ರದೇಶದಲ್ಲಿ ಇನ್ನೂ ಬಿಗಿಯಾದ ಪರೀಕ್ಷೆ ನಡೆದಿದೆ. 180 ಹಳ್ಳಿಗಳಲ್ಲಿ ಅರ್ಜಿ ಹಾಕಿದ ಕುಟುಂಬಗಳ ನಡುವೆ ಲಾಟರಿ ಎತ್ತಿ, ಗೆದ್ದ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕೊಡಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ನಾಲ್ಕು ವರ್ಷಗಳಾದ ಮೇಲೂ ತೆಲುಗು ಮತ್ತು ಗಣಿತದಲ್ಲಿ ಸೋತವರಿಗೂ ಗೆದ್ದವರಿಗೂ ವ್ಯತ್ಯಾಸವಿರಲಿಲ್ಲ. ಹಿಂದಿಯಲ್ಲಿ ಮಾತ್ರ ಗೆದ್ದವರು ಎದ್ದುಕಾಣುವಷ್ಟು ಮುಂದಿದ್ದರು. ಖಾಸಗಿ ಶಾಲೆಗಳ ಪರವಾದ ಮಾತನ್ನೂ ಹೇಳಲೇಬೇಕು. ಅವು ಪ್ರತಿ ಮಗುವಿಗೆ ಮಾಡಿದ ವೆಚ್ಚ ಸರ್ಕಾರಿ ಶಾಲೆಯ ಮೂರನೇ ಒಂದು ಪಾಲಿಗಿಂತ ಕಡಿಮೆ, ತೆಲುಗು–ಗಣಿತಕ್ಕೆ ಕೊಟ್ಟ ಸಮಯವೂ ಕಡಿಮೆ.

ಶಾಲೆಯಲ್ಲಿ ಯಾರಿದ್ದಾರೆ ಎಂಬುದನ್ನು ಜೊತೆಗಿಟ್ಟು ಓದಿದರೆ ಅಸರ್‌ನದೇ ಅಂಕಿಗಳು ಬೇರೆ ಕಥೆ ಹೇಳುತ್ತವೆ. ಗ್ರಾಮೀಣ ಭಾರತದ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6. ಕೋವಿಡ್ ಕಾಲದಲ್ಲಿ ಫೀಸು ಕಟ್ಟಲಾಗದ ಮನೆಗಳ, ಮುಚ್ಚಿಹೋದ ಶಾಲೆಗಳ ಮಕ್ಕಳೂ ಬಂದು ಸೇರಿ 2022ಕ್ಕೆ ಅದು ಶೇ 72.9 ಆಯಿತು. 2024ಕ್ಕೆ ಮತ್ತೆ ಶೇ 66.8ಕ್ಕೆ ಇಳಿಯಿತು, ಅಂದರೆ ಹೆಚ್ಚುಕಡಿಮೆ ಹಳೆಯ ಸ್ಥಿತಿಗೆ. ಸರ್ಕಾರಿ ಶಾಲೆಯ ಮೂರನೇ ತರಗತಿಯಲ್ಲಿ ಎರಡನೇ ತರಗತಿ ಪಾಠ ಓದಬಲ್ಲವರು ಇದೇ ಮೂರು ವರ್ಷಗಳಲ್ಲಿ ಶೇ 20.9, 16.3, 23.4. ಬಂದವರು ವಾಪಸು ಹೋದ ಮೇಲೂ ಓದು 2018ಕ್ಕಿಂತ ಮೇಲೇರಿದೆ. ಬುನಾದಿ ಕಲಿಕೆಗೆ ಒತ್ತು ಕೊಟ್ಟ ನಿಪುಣ್ ಭಾರತ್ ಕಾರ್ಯಕ್ರಮ ಶುರುವಾದದ್ದು 2021ರಲ್ಲಿ. ಈ ಏರಿಕೆಯಲ್ಲಿ ಅದರ ಪಾಲು ಇರುವ ಸಾಧ್ಯತೆ ಹೆಚ್ಚು. ಅದನ್ನು ತರಗತಿಯಲ್ಲಿ ನಡೆಸಿದ ಶಿಕ್ಷಕರ ದುಡಿಮೆಗೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ.

ಹಾಗೆಂದು ಬಡತನವನ್ನೇ ನೆಪ ಮಾಡಿ ಶಾಲೆಯನ್ನು ಬಿಟ್ಟುಬಿಡುವಂತಿಲ್ಲ. ಶೇ 23.4 ಎಂದರೆ ನಾಲ್ವರಲ್ಲಿ ಮೂವರು ಇನ್ನೂ ಓದಲಾರರು. ತಾಂಡಾದ ಮಗುವಿಗೆ ಓದು ಕಲಿಸುವ ಜವಾಬ್ದಾರಿ ಹೊತ್ತದ್ದು ಈ ಶಾಲೆಯೇ, ಆ ಮನೆಗೆ ಬೇರೆ ದಾರಿಯಿಲ್ಲ.

ಅಸರ್ ಅಳೆಯದ ಸಂಗತಿಗಳೂ ಇವೆ. ವರ್ಷದಿಂದ ವರ್ಷಕ್ಕೆ ಅದು ಅದೇ ಮಗುವನ್ನು ಹಿಂಬಾಲಿಸುವುದಿಲ್ಲ. ನಗರಕ್ಕೆ ಬರುವುದಿಲ್ಲವಾದ್ದರಿಂದ, ಯಾದಗಿರಿ, ರಾಯಚೂರಿನಿಂದ ಬಂದ ಕಟ್ಟಡ ಕಾರ್ಮಿಕರ ಮಕ್ಕಳು ಓದುವ ಬೆಂಗಳೂರಿನ ಸರ್ಕಾರಿ ಶಾಲೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಒಂದೊಂದು ಮಗುವಿನ ನಡಿಗೆಯನ್ನು ಅಳೆಯುವ ಉಪಾಯ ಕರ್ನಾಟಕದಲ್ಲೇ ಬೆಳೆದಿದೆ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಟ್ಟಿದ ನಲಿ–ಕಲಿ, 2009–10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಕಲಿಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಗುಳೆಯಿಂದ ಮರಳಿದ ಮಗು ತಾನು ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು, ಯಾರು ಎಲ್ಲಿದ್ದಾರೆ ಎಂಬುದನ್ನು ಪ್ರಗತಿ ನೋಟದ ಹಾಳೆ ತೋರಿಸುತ್ತದೆ. ರಾಜ್ಯದಲ್ಲಿ ಶಾಲೆಗೆ ಸೇರಿದ ಪ್ರತಿ ಮಗುವಿಗೂ ಈಗ ಸ್ಯಾಟ್ಸ್ (ವಿದ್ಯಾರ್ಥಿಗಳ ಸಾಧನೆಯ ಜಾಡು ಹಿಡಿಯುವ ಇಲಾಖೆಯ ವ್ಯವಸ್ಥೆ) ನಂಬರ್ ಇದೆ. ಜೂನ್‌ನಲ್ಲಿ ಯಾವ ಮೆಟ್ಟಿಲಲ್ಲಿದ್ದ ಮಗು ಏಪ್ರಿಲ್‌ಗೆ ಎಲ್ಲಿಗೆ ಬಂತು, ಮನೆಮಾತು ಯಾವುದು, ಎಷ್ಟು ತಿಂಗಳು ಊರಲ್ಲಿರಲಿಲ್ಲ ಎಂಬುದನ್ನು ಆ ನಂಬರಿನ ಮುಂದೆ ಬರೆದಿಡಲು ಇಲಾಖೆಗೆ ಹೊಸ ಪರೀಕ್ಷೆಯೇನೂ ಬೇಕಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮುಖ್ಯ ಶಿಕ್ಷಕರು ಪೋಷಕರ ಮುಂದಿಡಬೇಕಾದದ್ದು, ಶಾಲೆಯನ್ನು ಹೊಗಳಲು ಇಲ್ಲವೇ ತರಾಟೆಗೆ ತೆಗೆದುಕೊಳ್ಳಲು ಪೋಷಕರು ಬಳಸಬೇಕಾದದ್ದು ಆ ಲೆಕ್ಕ.