ನೀಲಿ ಬಾವುಟದ ಕೆಳಗಿನ ಹೊಯ್ಗೆ

ಕರಾವಳಿಯವರ ಬಾಯಲ್ಲಿ ಅದು ಹೊಯ್ಗೆ, ದಂಡೆ. ಉರ್ದು ಗಜಲುಗಳಲ್ಲಿ ನಾವು ಓದಿದ ‘ಸಾಹಿಲ್’ ಎಂದರೆ ಬಿರುಗಾಳಿಗೆ ಸಿಕ್ಕ ದೋಣಿ ಕೊನೆಗೂ ತಲುಪಬೇಕಾದ ನೆಲೆ. ಈ ಮಾತುಗಳಲ್ಲೆಲ್ಲ ಎಲ್ಲೋ ಒಂದು ದೋಣಿ ಇದೆ. ಈಗ ಎಲ್ಲರ ನಾಲಗೆಯ ಮೇಲಿರುವ ‘ಬೀಚ್’ನಲ್ಲಿ ದೋಣಿ ಇಲ್ಲ. ಇದ್ದರೂ ಫೋಟೋಕ್ಕೆ.

2020ರ ಅಕ್ಟೋಬರಿನಲ್ಲಿ ದೇಶದ ಎಂಟು ತೀರಗಳಿಗೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಅದರಲ್ಲಿ ಕರ್ನಾಟಕದ್ದು ಎರಡು: ಹೊನ್ನಾವರ ತಾಲ್ಲೂಕಿನ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ. ಡೆನ್ಮಾರ್ಕಿನಲ್ಲಿ ಕಚೇರಿಯಿರುವ ಸಂಸ್ಥೆಯೊಂದು 33 ಮಾನದಂಡಗಳನ್ನು ಇಟ್ಟು ಈ ಬಾವುಟ ಕೊಡುತ್ತದೆ. ನೀರಿನ ಪರೀಕ್ಷೆ, ಕಸದ ವಿಲೇವಾರಿ, ಜೀವರಕ್ಷಕರು, ಶೌಚಾಲಯ ಇವೆಲ್ಲ ಅದರಲ್ಲಿವೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಮಕ್ಕಳೊಂದಿಗೆ ಬಂದ ಹೆಂಗಸರಿಗೆ ಶುಚಿಯಾದ ಒಂದು ಶೌಚಾಲಯ ಸಿಗುವುದು ನಮ್ಮ ದೇಶದಲ್ಲಿ ಸಣ್ಣ ಸಂಗತಿಯೇನಲ್ಲ. ಆದರೆ ಈ ಬಾವುಟ ಮುಖ್ಯವಾಗಿ ಸ್ನಾನಕ್ಕೆ ಬಂದವನಿಗೆ ಕೊಡುವ ಭರವಸೆ. ಅದನ್ನೇ ಕಡಲ ರಕ್ಷಣೆ ಎಂದು ಸಾರುವುದು ನಮ್ಮ ತಕರಾರು.

ಬಾವುಟ ಬರುವ ಮೊದಲೇ, 2020ರ ಜನವರಿಯಲ್ಲಿ, ಕೇಂದ್ರ ಪರಿಸರ ಸಚಿವಾಲಯ ಕರಾವಳಿ ನಿಯಂತ್ರಣ ವಲಯದ ನಿಯಮವನ್ನು ಇದಕ್ಕಾಗಿ ಸಡಿಲಿಸಿತು. ಭರತದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಸ್ನಾನದ ನಲ್ಲಿ ಹಾಕಬಹುದು. ಪರಿಸರದ ಬಾವುಟಕ್ಕಾಗಿ ಪರಿಸರದ ಕಾನೂನನ್ನೇ ಸಡಿಲಿಸಿದ್ದು ಕತೆಗಾರರಾದ ನಮಗೂ ಹೊಳೆಯದ ತಿರುವು!

ಭರತದ ಗೆರೆಯ ಮೇಲಿನ ಆ ಒಣ ಮರಳಿನ ಪಟ್ಟಿ ಖಾಲಿ ಜಾಗವೇ? ಕಡಲಾಮೆ ರಾತ್ರಿ ಹತ್ತಿ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಡುವುದು ಅಲ್ಲೇ. ಸುಮಾರು ಐವತ್ತು ದಿನಗಳ ನಂತರ ಹೊರಬರುವ ಮರಿಗಳು ನೀರಿನ ಮೇಲಿನ ಬೆಳಕನ್ನು ನಂಬಿ ಕಡಲಿನತ್ತ ಸರಿಯುತ್ತವೆ. ದಡದಲ್ಲಿ ವಿದ್ಯುದ್ದೀಪ ಉರಿದರೆ ಅತ್ತ ಹೊರಳಿ ಸಾಯುತ್ತವೆ. ನಮ್ಮ ಕರಾವಳಿಯಲ್ಲಿ ಆಮೆ ಬರುವುದು ಚಳಿಗಾಲದಲ್ಲಿ, ಪ್ರವಾಸಿಗರ ಬಸ್ಸುಗಳು ಬರುವುದೂ ಆಗಲೇ. ಮರಳನ್ನು ಹಿಡಿದಿಡುವ ನೇರಳೆ ಹೂವಿನ ಬಳ್ಳಿ ಹಬ್ಬುವುದು ಅದೇ ಪಟ್ಟಿಯಲ್ಲಿ. ಖಾರ್ವಿ, ಹರಿಕಂತ್ರ, ದಾಲ್ದಿ ಹೆಂಗಸರು ಮೀನು ಒಣಗಿಸುವುದಕ್ಕೂ, ಗಂಡಸರು ದೋಣಿ ಎಳೆದಿಟ್ಟು ಬಲೆ ಹೊಲಿಯುವುದಕ್ಕೂ ಬೇಕಾದದ್ದು ಅದೇ. ಪ್ರವಾಸಿಯ ಮೂಗಿಗೆ ಒಣಮೀನಿನ ವಾಸನೆ ಆಗದು. ರಾತ್ರಿ ಹೋಟೆಲಿನಲ್ಲಿ ಅದೇ ಪ್ರವಾಸಿ ಮೀನು ಕೇಳುತ್ತಾನೆ, ತಾಜಾ ಇದೆಯೇ ಎಂದೂ ವಿಚಾರಿಸುತ್ತಾನೆ.

ಹಬ್ಬದ ಮರುದಿನ ವ್ಯಾನು ತುಂಬಿಕೊಂಡು ದಂಡೆಗೆ ಬಂದು, ಬಿರಿಯಾನಿಯ ತಟ್ಟೆಗಳನ್ನು ಅಲ್ಲೇ ಎಸೆದು ಹೋಗುವವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಭೂಮಿ ದೇವರ ಅಮಾನತ್ ಎಂದು ಶುಕ್ರವಾರ ಮಿಂಬರಿನಿಂದ ಕೇಳಿದ ಮಾತು ಶನಿವಾರ ಕಡಲಿನವರೆಗೂ ಬರುವುದಿಲ್ಲ. ಆದರೆ ತಟ್ಟೆಯನ್ನು ಹೆಕ್ಕಬಹುದು. ಕಾಂಕ್ರೀಟನ್ನು ಹೆಕ್ಕುವವರು ಯಾರು?

ಕಾನೂನು ಹೊಸದಾಗಿ ಬೇಕಿಲ್ಲ. ಮೀನುಗಾರರ ಹಳ್ಳಿ, ಅವರ ಸಮುದಾಯದ ಜಾಗ, ಮೀನು ಒಣಗಿಸುವ ನೆಲ ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು 2011ರ ಅಧಿಸೂಚನೆಯೇ ಹೇಳಿತ್ತು. ಮುಂದಿನ ಬಾವುಟಕ್ಕೆ ಅರ್ಜಿ ಹಾಕುವ ಮೊದಲು ಜಿಲ್ಲಾಡಳಿತ ಆ ನಕ್ಷೆಯನ್ನು ಕನ್ನಡದಲ್ಲಿ ಮುದ್ರಿಸಿ, ದಂಡೆಯ ಹೆಂಗಸರ ಮುಂದೆ ಹರಡಿ, ನಿಮ್ಮ ಮೀನು ಒಣಗುವ ಜಾಗ ಇದರಲ್ಲಿ ಇದೆಯೇ ಎಂದು ಕೇಳಲಿ. ಆಮೆ ಬರುವ ತಿಂಗಳುಗಳಲ್ಲಿ ದಡದ ದೀಪಗಳನ್ನು ಸಂಜೆಯೇ ಆರಿಸಲಿ.