ಹಬ್ಬದ ಉಡುಗೊರೆಗೊಂದು ಕಾಳಿನ ಡಬ್ಬಿ

ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆಗೆ ವರ್ಗವಾಗಿ ಹೋದ ನೆಂಟರಿಗೆ ದೀಪಾವಳಿಗೆ ಏನು ಕೊಡುವುದು? ಸಿಹಿ, ಸೀರೆ ಇದ್ದದ್ದೇ. ನನ್ನ ಮಟ್ಟಿಗೆ ಹಕ್ಕಿಗಳ ಕಾಳಿನ ಡಬ್ಬಿಯೇ ಚೆನ್ನ, ಅದಕ್ಕೆ ಆ ಸೀಮೆಯ ನಂಟೂ ಇದೆ. ಪಕ್ಕದ ನಾಸಿಕ್‌ನ ಮೊಹಮ್ಮದ್ ದಿಲಾವರ್ ಗುಬ್ಬಚ್ಚಿಗಳಿಗಾಗಿ ‘ನೇಚರ್ ಫಾರೆವರ್ ಸೊಸೈಟಿ’ ಕಟ್ಟಿದರು. ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನ 2010ರಲ್ಲಿ ಅವರ ಮುಂದಾಳತ್ವದಲ್ಲೇ ಶುರುವಾಯಿತು.

ಒಳ್ಳೆಯ ಡಬ್ಬಿಯ ಜಾಣ್ಮೆ ಸರಳವಾದದ್ದು. ಮೇಲಿನಿಂದ ಸಜ್ಜೆ, ನವಣೆ ಸುರಿದರೆ, ಹಕ್ಕಿ ತಿಂದಷ್ಟೇ ಕಾಳು ಕೆಳಗಿನ ತಟ್ಟೆಗೆ ಇಳಿಯುತ್ತದೆ. ತಟ್ಟೆಯಲ್ಲಿ ನೀರಿಳಿಯಲು ತೂತುಗಳಿರಬೇಕು, ಒದ್ದೆ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಅಜ್ಜಿಗಾದರೆ ಅಗಲ ಬಾಯಿಯ ಮಣ್ಣಿನ ನೀರಿನ ಬಟ್ಟಲು ಕೊಡಿ. ಮಕ್ಕಳಿಗೆ ಮರದ ಗೂಡುಪೆಟ್ಟಿಗೆ: ಬಾಗಿಲ ತೂತು ಸುಮಾರು 32 ಮಿಲಿಮೀಟರ್ ಇದ್ದರೆ ಗುಬ್ಬಚ್ಚಿ ನುಸುಳುತ್ತದೆ, ಮೈನಾ ಹೊರಗೇ ಉಳಿಯುತ್ತದೆ.

ಗುಬ್ಬಿಮರಿ ಬೆಳೆಯುವುದು ಹುಳುಗಳಿಂದ. ಆದ್ದರಿಂದ ಡಬ್ಬಿಯ ಜೊತೆಗೊಂದು ದಾಸವಾಳದ ಗಿಡವನ್ನೂ ಕೊಡಿ. ಅದಕ್ಕೆ ಕೀಟನಾಶಕ ಹೊಡೆಯಬೇಡಿರೆಂದು ಮರೆಯದೆ ಹೇಳಿ.