‘ಕ್ರಿಸ್ತವಿರೋಧಿ’: ಒಂದು ಪದ, ಒಂದು ವ್ಯಾಖ್ಯಾನದ ವಿಮರ್ಶೆ

ಅಂತ್ಯಕಾಲವನ್ನು ಕುರಿತ ಪ್ರಬೋಧನೆಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ: ಕ್ರಿಸ್ತವಿರೋಧಿ ಯಾರು? ಉತ್ತರವಾಗಿ ಒಬ್ಬ ಆಳರಸನನ್ನೋ ಒಂದು ಅನ್ಯಧರ್ಮವನ್ನೋ ಬೊಟ್ಟುಮಾಡಿ ತೋರಿಸುವವರಿಗೆ ಕೊರತೆಯಿಲ್ಲ. ಮಿಜೋರಾಮಿನ ಕೆಲವು ಕ್ರೈಸ್ತರು ಆಧಾರ್ ಸಂಖ್ಯೆಯಲ್ಲಿ ಮೃಗದ ಗುರುತನ್ನು ಕಂಡು ಅದನ್ನು ನಿರಾಕರಿಸಿದ್ದುಂಟು. ಈ ಬಗೆಯ ವ್ಯಾಖ್ಯಾನದ ದೋಷ ಒಂದು ಪಾಲು ಓದುವ ಕ್ರಮದಲ್ಲಿದೆ. ಕನ್ನಡಿಗರಾದ ನಮ್ಮ ಮಟ್ಟಿಗೆ ಇನ್ನೊಂದು ಪಾಲು ಪದದಲ್ಲಿಯೇ ಇದೆ.

ಮೊದಲು ಓದಿನ ಕ್ರಮ. ‘ಆಂಟಿಕ್ರಿಸ್ತೋಸ್’ ಎಂಬ ಗ್ರೀಕ್ ಪದವು ಪವಿತ್ರ ಗ್ರಂಥದಲ್ಲಿ ಬರುವುದು ಯೊವಾನ್ನರ ಪತ್ರಗಳಲ್ಲಿ ಮಾತ್ರ (1 ಯೊವಾ 2:18, 22, 4:3, 2 ಯೊವಾ 7). ಪ್ರಕಟನೆ ಗ್ರಂಥದಲ್ಲಿ ಅದು ಒಮ್ಮೆಯೂ ಇಲ್ಲ. ದಾನಿಯೇಲನ ಚಿಕ್ಕ ಕೊಂಬು, ಥೆಸಲೋನಿಯರಿಗೆ ಬರೆದ ಎರಡನೆಯ ಪತ್ರದ ಅಧರ್ಮಪುರುಷ, ಪ್ರಕಟನೆ 13ರ ಮೃಗ—ಇವನ್ನು ಒಂದೇ ವ್ಯಕ್ತಿಯಾಗಿ ಹೆಣೆದದ್ದು ನಂತರದ ಪರಂಪರೆ. ಎರಡನೆಯ ಶತಮಾನದ ಕೊನೆಯಲ್ಲಿ ಸಂತ ಐರೇನಿಯಸ್ ಈ ಹೆಣಿಗೆಗೆ ಕೈಹಾಕಿದರು. ಆದರೆ 666ಕ್ಕೆ ಹೊಂದುವ ಹೆಸರುಗಳನ್ನು ತೂಗಿನೋಡಿದ ಅವರೇ, ಹೆಸರು ಈಗಲೇ ತಿಳಿಯಬೇಕಾಗಿದ್ದರೆ ದರ್ಶನ ಕಂಡವನೇ ಅದನ್ನು ಹೇಳುತ್ತಿದ್ದನೆಂದು ತೀರ್ಪನ್ನು ತಡೆಹಿಡಿದರು. ಸಂತ ಅಗಸ್ಟೀನರೂ ‘ದೇವನಗರ’ದ 20ನೆಯ ಭಾಗದಲ್ಲಿ, ಅಧರ್ಮಪುರುಷನನ್ನು ತಡೆದಿರುವುದು ಯಾವುದೆಂಬುದು ತಮಗೆ ತಿಳಿಯದೆಂದು ಒಪ್ಪಿಕೊಂಡರು. ಇಂದಿನ ಬೋಧಕರಲ್ಲಿ ಅನೇಕರಿಗೆ ಈ ವಿನಯವಿಲ್ಲ.

ಇನ್ನು ಪದ. ಗ್ರೀಕಿನ ‘ಆಂಟಿ’ಗೆ ‘ಎದುರಾಗಿ’ ಎಂಬುದರ ಜೊತೆಗೆ ‘ಬದಲಾಗಿ’ ಎಂಬ ಅರ್ಥವೂ ಇದೆ. ನರಪುತ್ರನು ಅನೇಕರಿಗೆ ಬದಲಾಗಿ ತನ್ನ ಪ್ರಾಣವನ್ನು ಈಡುಕೊಡುವನೆಂಬಲ್ಲಿ (ಮಾರ್ಕ 10:45) ಬರುವುದು ಈ ಪದವೇ. ಕನ್ನಡದ ‘ವಿರೋಧಿ’ ಮೊದಲ ಅರ್ಥವನ್ನಷ್ಟೇ ಉಳಿಸಿ, ಎರಡನೆಯದನ್ನು ಕೈಬಿಟ್ಟಿದೆ. ಎರಡನ್ನೂ ಹೊರಬಲ್ಲ ‘ಪ್ರತಿ’ ನಮ್ಮಲ್ಲಿಯೇ ಇದೆ: ಪ್ರತಿವಾದಿ ಎದುರು ನಿಲ್ಲುವವನು, ಪ್ರತಿನಿಧಿ ಮತ್ತೊಬ್ಬನ ಸ್ಥಾನದಲ್ಲಿ ನಿಲ್ಲುವವನು. ಯೊವಾನ್ನರ ಪತ್ರಗಳಲ್ಲಿ ನಿರಾಕರಣೆಯ ಅರ್ಥವೇ ಮುಂದಾಗಿದೆ, ನಿಜ. ಆದರೆ ಅವರು ಆತನನ್ನು ವಂಚಕನೆಂದೂ ಕರೆಯುತ್ತಾರೆ. ಬಹಿರಂಗ ವೈರಿ ಯಾರನ್ನೂ ವಂಚಿಸಲಾರ. ಕ್ರಿಸ್ತರ ಸ್ಥಾನದಲ್ಲಿ ಕುಳಿತವನು ವಂಚಿಸಬಲ್ಲ. ಮುದ್ರಿತ ಪಠ್ಯವನ್ನು ತಿದ್ದಬೇಕೆಂಬುದು ನನ್ನ ವಾದವಲ್ಲ; ಅದನ್ನು ವಿವರಿಸುವ ಗುರುಗಳು ಕಳೆದುಹೋದ ಅರ್ಥವನ್ನು ಮರಳಿ ಕೊಡಬೇಕು.

ಏಕೆಂದರೆ ‘ವಿರೋಧಿ’ ನಮ್ಮ ಕಣ್ಣನ್ನು ಹೊರಕ್ಕೆ ತಿರುಗಿಸುತ್ತದೆ. 1239ರ ಕಲಹದಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯವರ ಪಕ್ಷವೂ ಚಕ್ರವರ್ತಿ ಎರಡನೆಯ ಫ್ರೆಡರಿಕನ ಪಕ್ಷವೂ ಪರಸ್ಪರರಲ್ಲಿ ಆತನನ್ನು ಕಂಡವು. 1537ರಲ್ಲಿ ಲೂಥರರ ಶ್ಮಾಲ್ಕಾಲ್ಡ್ ವಿಧಿಗಳು ಪೋಪರಲ್ಲಿ ಕಂಡವು. ಯಾರೂ ತಮ್ಮ ಪಾಳೆಯದಲ್ಲಿ ಹುಡುಕಲಿಲ್ಲ. ಯೊವಾನ್ನರಾದರೋ, ಅವರು ನಮ್ಮ ನಡುವಿನಿಂದಲೇ ಹೊರಟವರೆಂದು ಸ್ಪಷ್ಟಪಡಿಸುತ್ತಾರೆ (2:19). ಅನ್ಯಧರ್ಮೀಯರ ನೆರೆಯಲ್ಲಿ ಬಾಳುವ ನಮಗೆ ಇದು ಸಣ್ಣ ಮಾತಲ್ಲ: ನೆರೆಯವನ ಮೇಲೆ ಆ ಹೆಸರನ್ನು ಹೇರುವುದು ವ್ಯಾಖ್ಯಾನದ ತಪ್ಪಷ್ಟೇ ಅಲ್ಲ, ಪ್ರೀತಿಯ ಆಜ್ಞೆಗೆ ಎಸಗಿದ ದ್ರೋಹ.

ಹಾಗಾದರೆ ಕಡೆಯ ಕಾಲದ ಕ್ರಿಸ್ತವಿರೋಧಿಯೇ ಇಲ್ಲವೇ? ಹಾಗೆನ್ನಲಾಗದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು (675–676) ಅಂತಿಮ ಶೋಧನೆಯನ್ನೂ ಮಹಾವಂಚನೆಯನ್ನೂ ದೃಢವಾಗಿ ಸಾರುತ್ತದೆ. ಆದರೆ ಆ ವಂಚನೆಯ ತಿರುಳು, ಮಾನವನು ದೇವರಿಗೆ ಬದಲಾಗಿ ತನ್ನನ್ನೇ ವೈಭವೀಕರಿಸಿಕೊಳ್ಳುವುದು ಎನ್ನುತ್ತದೆ. ಇಲ್ಲಿಯೂ ‘ಬದಲಾಗಿ’ ಎಂಬುದೇ ಮುಖ್ಯ.

ನಮ್ಮ ತಿಪಟೂರು ಸೀಮೆಯಲ್ಲಿ ಕಾಯಿಗಳನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗೆ ಕೊಬ್ಬರಿ ಕೂಡಿದೆಯೋ ಕೊಳೆತಿದೆಯೋ ಎಂಬುದನ್ನು ಒಡೆದಾಗಲೇ ಖಚಿತವಾಗಿ ತಿಳಿಯುವುದು. ಚಿಪ್ಪಿನ ಅಂದ ಸಾಕ್ಷಿಯಾಗದು. ಯೊವಾನ್ನರ ಪರೀಕ್ಷೆಯೂ ಅಂಥದೇ: ಮಾಂಸಧಾರಿಯಾಗಿ ಬಂದ ಕ್ರಿಸ್ತರನ್ನು ಒಪ್ಪುವೆವೋ (4:2), ಕೊರತೆಯಲ್ಲಿರುವ ಸಹೋದರನಿಗೆ ಹೃದಯ ಮುಚ್ಚುವೆವೋ (3:17)? ಬಾಯಲ್ಲಿ ಒಪ್ಪಿ ನಡತೆಯಲ್ಲಿ ನಿರಾಕರಿಸುವವನೂ ಕ್ರಿಸ್ತವಿರೋಧಿಯೇ ಎಂದು ಅಗಸ್ಟೀನರು ಇದೇ ಪತ್ರದ ಪ್ರಬೋಧನೆಯಲ್ಲಿ ಬೋಧಿಸಿದರು. ಪೀಠದ ಬಳಿ ಕ್ರಿಸ್ತರ ಹೆಸರಿನಲ್ಲಿ ನಿಲ್ಲುವ ನಾವು, ಅವರ ಪ್ರತಿನಿಧಿಗಳಾದ ನಾವು, ಆ ಪ್ರಶ್ನೆಯನ್ನು ಮೊದಲು ನಮಗೇ ಕೇಳಿಕೊಳ್ಳಬೇಕಾಗಿದೆ.